ವಿಮಾನ ಮಾರಾಟದ ‘ಆಪ್ಷನ್’ಗೆ ‘ಆಯ್ಕೆ’ ಎಂದರೆ ಸಾಕೆ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಮಾನ ತಯಾರಿಸುವ ಕಂಪನಿಗಳು ಏರ್‌ಲೈನ್‌ಗಳಿಗೆ ವಿಮಾನ ಮಾರುವ ಬಗೆಯನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಆಪ್ಷನ್’, ಅಂದರೆ ಬೇಕೆನಿಸಿದರೆ ಮುಂದೆ ಕೊಳ್ಳುವ ಹಕ್ಕು, ಎಂಬ ಪದದ ಹತ್ತಿರ ಬರವಣಿಗೆ ನಿಂತಿದೆ. ಸುದ್ದಿಗಳಲ್ಲಿ ಇದಕ್ಕೆ ‘ಆಯ್ಕೆ’ ಎಂದು ಬರೆಯುತ್ತಾರೆ, ಇಲ್ಲವೇ ಪದವನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟಾಗ ಲೆಕ್ಕವೇ ತಪ್ಪುತ್ತದೆ.

2023ರ ಫೆಬ್ರವರಿ 14ರಂದು ಏರ್ ಇಂಡಿಯಾ 470 ವಿಮಾನ ಕೊಳ್ಳುವ ಸುದ್ದಿ ಹೊರಬಿತ್ತು: ಏರ್‌ಬಸ್‌ನಿಂದ 250, ಬೋಯಿಂಗ್‌ನಿಂದ 220. ಒಂದೆರಡು ದಿನಗಳಲ್ಲೇ ಶೀರ್ಷಿಕೆಗಳಲ್ಲಿ ಅದು 840 ಆಯಿತು. ಹೆಚ್ಚಿಗೆ ಬಂದ 370 ವಿಮಾನಗಳು ಆಪ್ಷನ್ ಮತ್ತು ‘ಪರ್ಚೇಸ್ ರೈಟ್’ಗಳು, ಬೇಕೆನಿಸಿದರೆ ಮುಂದೆ ಕೊಳ್ಳಬಹುದಾದವು. ಆ 470ರ ಖರೀದಿ ಕರಾರಿಗೆ ಸಹಿ ಬಿದ್ದದ್ದೂ ಜೂನ್ 20ರಂದು, ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ.

ಕನ್ನಡದಲ್ಲಿ ಆಯ್ಕೆ ಎಂದರೆ ಆರಿಸಿ ಮುಗಿದದ್ದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ‘70 ವಿಮಾನಗಳ ಆಯ್ಕೆ’ ಎಂದು ಓದಿದವರು, 70 ವಿಮಾನ ಆರಿಸಿಕೊಂಡರು ಎಂದೇ ತಿಳಿಯುತ್ತಾರೆ. ನಿಜದಲ್ಲಿ ಇನ್ನೂ ಏನೂ ತೀರ್ಮಾನವಾಗಿರುವುದಿಲ್ಲ. ಏರ್‌ಲೈನ್ ಒಂದಿಷ್ಟು ಹಣ ಕಟ್ಟಿ, ದರವನ್ನೂ ವಿಮಾನ ಕೈಸೇರುವ ಸರದಿಯನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಗೊತ್ತುಮಾಡಿದ ದಿನದೊಳಗೆ ಹ್ಞೂಂ ಅನ್ನಬೇಕು, ಇಲ್ಲದಿದ್ದರೆ ಸರದಿ ಬಿಟ್ಟುಕೊಡಬೇಕು. ಪರ್ಚೇಸ್ ರೈಟ್ ಇದಕ್ಕಿಂತ ಸಡಿಲ: ಅದರಲ್ಲಿ ಸಾಮಾನ್ಯವಾಗಿ ಸರದಿಯ ಭರವಸೆ ಇರುವುದಿಲ್ಲ. ಮಾರುವವರಿಗೂ ಇದರಿಂದ ಲಾಭವಿದೆ, ಗಿರಾಕಿ ಎದುರಾಳಿಯ ಕಡೆ ಸುಲಭವಾಗಿ ಹೊರಳುವುದಿಲ್ಲ. ಹೊಸದಾಗಿ ಆರ್ಡರ್ ಕೊಟ್ಟವರು ವರ್ಷಗಟ್ಟಲೆ ಕಾಯಬೇಕಾದ ಈ ಕಾಲದಲ್ಲಿ ಸರದಿಗೇ ದೊಡ್ಡ ಬೆಲೆ. ಹಾಗಾಗಿ ಆಪ್ಷನ್‌ಗೆ ‘ಸರದಿ ಸಹಿತ ಹಕ್ಕು’, ಇನ್ನೊಂದಕ್ಕೆ ಬರೀ ‘ಖರೀದಿ ಹಕ್ಕು’ ಎಂದರೆ ಹೇಗೆ?

‘ಸಂಚಕಾರ’ ನನಗೆ ತುಂಬಾ ಇಷ್ಟವಾದ ಪದ. ಸಂಸ್ಕೃತದ ‘ಸತ್ಯಂಕಾರ’ದಿಂದ ಬಂದದ್ದು, ವ್ಯಾಪಾರ ಕುದುರಿತೆಂದು ಮೊದಲೇ ಕೊಡುವ ಹಣ ಎಂದು ಅದರ ಅರ್ಥ. ಆದರೆ ಇವತ್ತು ‘ಪ್ರಾಣಕ್ಕೆ ಸಂಚಕಾರ’ ಎಂಬ ಬಳಕೆಯೇ ಎಲ್ಲರ ಬಾಯಲ್ಲಿರುವುದು. ವಿಮಾನದ ಪಕ್ಕದಲ್ಲಿ ಆ ಪದ ಇಟ್ಟರೆ ಓದುಗರು ಅಪಘಾತ ಎಂದುಕೊಂಡಾರು. ಕೈಬಿಡಲು ಬೇಸರವಾಗುತ್ತಿದೆ, ಆದರೂ ಬಿಡಲೇಬೇಕು.

ಕೊಳ್ಳುವ ಇರಾದೆಯನ್ನಷ್ಟೇ ತಿಳಿಸುವ ‘ಲೆಟರ್ ಆಫ್ ಇಂಟೆಂಟ್’ಗೆ ‘ಆಶಯ ಪತ್ರ’ ಸಾಕು ಅನಿಸುತ್ತದೆ. ಅದನ್ನು ‘ಒಪ್ಪಂದ’ ಎಂದು ಮಾತ್ರ ಬರೆಯಬಾರದು. ಬ್ರಿಟಿಷ್ ಏರ್‌ವೇಸ್‌ನ ಒಡೆಯ ಕಂಪನಿಯಾದ ಐಎಜಿ 2019ರಲ್ಲಿ 200 ಬೋಯಿಂಗ್ 737 ಮ್ಯಾಕ್ಸ್‌ಗೆ ಆಶಯ ಪತ್ರ ಕೊಟ್ಟಿತ್ತು. 2022ರಲ್ಲಿ ಖಚಿತ ಆರ್ಡರ್ ಆದದ್ದು 50 ಮಾತ್ರ, ಜೊತೆಗೆ 100 ಆಪ್ಷನ್.

ಇನ್ನೊಂದು ‘ಲಾಂಚ್ ಕಸ್ಟಮರ್’, ಅಂದರೆ ಮೊದಲ ದೊಡ್ಡ ಆರ್ಡರ್ ಕೊಟ್ಟು ಹೊಸ ವಿಮಾನದ ತಯಾರಿಕೆಗೆ ದಾರಿ ಮಾಡುವ ಏರ್‌ಲೈನ್. 1966ರಲ್ಲಿ ಅಮೆರಿಕದ ಏರ್‌ಲೈನ್ ಪ್ಯಾನ್ ಆಮ್ 25 ಬೋಯಿಂಗ್ 747ಗಳಿಗೆ ಆರ್ಡರ್ ಕೊಟ್ಟ ಮೇಲೆಯೇ ಆ ವಿಮಾನ ಕಟ್ಟುವ ಕೆಲಸಕ್ಕೆ ದಾರಿಯಾದದ್ದು. 2004ರಲ್ಲಿ ಜಪಾನಿನ ಏರ್‌ಲೈನ್ ಎಎನ್ಎ 50 ವಿಮಾನಗಳ ಆರ್ಡರ್‌ನಿಂದ ಬೋಯಿಂಗ್ 787ಕ್ಕೆ ಇದೇ ಪಾತ್ರ ವಹಿಸಿತು. ‘ಮೊದಲ ಗ್ರಾಹಕ’ ಎಂದರೆ ಈ ತೂಕ ಬರುವುದಿಲ್ಲ. ‘ಬೋಣಿ ಗಿರಾಕಿ’ ಎನ್ನೋಣವೆಂದರೆ, ಬೋಣಿಯ ಹೊತ್ತಿಗೆ ಅಂಗಡಿಯಲ್ಲಿ ಸರಕು ಸಿದ್ಧವಿರುತ್ತದೆ. ಇಲ್ಲಿ ಗಿರಾಕಿ ಬಂದ ಮೇಲೆ ಸರಕು ತಯಾರಾಗಬೇಕು. ‘ನಾಂದಿ ಗ್ರಾಹಕ’ ಎಂಬುದು ನನ್ನ ಸಲಹೆ. ಕೇಳಲು ಕೃತಕವೇ? ಹೇಳಿ.

ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಅಡಿಕೆ ಮಂಡಿ, ದನದ ಸಂತೆ, ಜಮೀನು ವ್ಯವಹಾರಗಳಲ್ಲಿ, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲದೆ ಸ್ವಲ್ಪ ಹಣ ಕೊಟ್ಟು ಸರಕು ಹಿಡಿದಿಡುವುದಕ್ಕೆ ನಿಮ್ಮ ಕಡೆ ಯಾವ ಮಾತಿದೆ? ಬೆಳಗಾವಿ, ವಿಜಯಪುರದ ಕಡೆಯವರು ‘ಇಸಾರ’ವನ್ನು (ಮುಂಗಡ ಹಣ) ಈ ಅರ್ಥದಲ್ಲಿ ಬಳಸುತ್ತೀರಾ, ಅಥವಾ ಇಸಾರ ಕೊಟ್ಟರೆ ಕೊಂಡಂತೆಯೇ ಲೆಕ್ಕವೇ?