ಪದಚರ್ಚೆ: ‘ಅಗಸಿ’ ಅಂದರೆ ಕಾಳೋ, ಸೊಪ್ಪೋ?

ಪ್ರಶ್ನೆ (ಬಾಗಲಕೋಟೆಯಿಂದ)

ಬಲ್ಲವರಿಗೆ ನಮಸ್ಕಾರ. ದಿನಬಳಕೆಯ ಆಹಾರದ ಬಗ್ಗೆ ಒಂದು ಕರಪತ್ರದ ಕರಡು ತಿದ್ದಲು ಬಂದಿದೆ. ಅದರಲ್ಲಿ ಹೀಗಿದೆ: ‘ಅಗಸೆಯಲ್ಲಿ ಒಮೆಗಾ-3 ಹೇರಳ. ಇದರ ಎಲೆಯನ್ನು ಪಲ್ಯ ಮಾಡಿ, ಬಿಳಿ ಹೂವನ್ನು ಬೇಳೆಯ ಜೊತೆ ಬೇಯಿಸಿ, ಇಲ್ಲವೆ ಹಿಂಡಿಯನ್ನು ದಿನಾ ಎರಡು ಚಮಚ ತಿನ್ನಿ.’ ನಮ್ಮ ಕಡೆ ಅಗಸಿ ಅಂದರೆ ರೊಟ್ಟಿ ಜೊತೆ ತಿನ್ನುವ ಹಿಂಡಿಯ ಕಾಳು. ಅದರ ಎಲೆಯ ಪಲ್ಯ ಯಾರೂ ಮಾಡುವುದಿಲ್ಲ. ಊರ ಹೆಬ್ಬಾಗಿಲಿಗೂ ಅಗಸಿ ಅಂತೇವೆ. ಇವೆಲ್ಲ ಒಂದೇ ಪದವೆ? ಅಗಸಿ, ಅಗಸೆ ಇವೆರಡರಲ್ಲಿ ಯಾವುದು ಸರಿ? ಇನ್ನು ‘ಹಿಂಡಿ’ ಅಂತ ಅಚ್ಚು ಹಾಕಿದರೆ ಮೈಸೂರು ಕಡೆಯವರು ದನದ ಹಿಂಡಿ ಅಂದುಕೊಳ್ಳುವುದಿಲ್ಲವೆ?

ಉತ್ತರ (ವಿಜಯಪುರದಿಂದ)

ನಿಮ್ಮ ಅನುಮಾನ ಖರೆ ಅದರಿ. ಕರಡು ಬರೆದವರು ಎರಡು ಗಿಡಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿಬಿಟ್ಟಿದ್ದಾರೆ. ಒಮೆಗಾ-3 ಒಂದು ಗಿಡದ್ದು, ಎಲೆ ಮತ್ತು ಬಿಳಿ ಹೂವು ಇನ್ನೊಂದರದ್ದು.

ಮೊದಲು ರೂಪದ ಮಾತು. ಮನೆ ನಮ್ಮಲ್ಲಿ ಮನಿ, ಎಲೆ ಎಲಿ. ಹಾಗೇ ಅಗಸೆ ಅಗಸಿ. ಬೇರೆ ಪದವೇನಲ್ಲ, ಕೊನೆಯ ಸ್ವರ ಮಾತ್ರ ಬೇರೆ. ಬರಹದಲ್ಲಿ ಯಾವುದನ್ನು ಇಟ್ಟರೂ ತಪ್ಪಿಲ್ಲ, ಆದರೆ ಪುಟಕ್ಕೊಂದು ರೂಪ ಬೇಡ.

ಗೊಂದಲ ಇರುವುದು ಅರ್ಥದಲ್ಲಿ. ಹಿಂಡಿಯ ಅಗಸೆ ಸಂಸ್ಕೃತದ ಅತಸೀ. ಹಿಂದಿಯ ಅಲಸೀ ಅದೇ ಮೂಲದ್ದು. ಅಮರಕೋಶ ಅತಸೀ, ಉಮಾ, ಕ್ಷುಮಾ ಮೂರನ್ನೂ ಒಟ್ಟಿಗೆ ಹೇಳುತ್ತದೆ. ಕ್ಷುಮಾದ ನಾರಿನ ಬಟ್ಟೆ ಕ್ಷೌಮ, ಅಂದರೆ ಇಂದಿನ ಲಿನನ್. ಇನ್ನೊಂದು ಅಗಸೆ ಮರ. ಅದು ಅಗಸ್ತ್ಯನ ಹೆಸರಿನದು: ಸಂಸ್ಕೃತದಲ್ಲಿ ಅಗಸ್ತಿ, ತಮಿಳಿನಲ್ಲಿ ಅಗತ್ತಿ, ನಮ್ಮಲ್ಲಿ ಅಗಸೆ, ಅಗಚೆ. ಎರಡು ಬೇರೆ ಬೇರೆ ಪದಗಳು ಸವೆದು ಸವೆದು ಒಂದೇ ಉಚ್ಚಾರಕ್ಕೆ ಬಂದು ನಿಂತಿವೆ. ತೆಲುಗರ ಪಾಡೂ ಇದೇ, ಅಲ್ಲಿ ಎರಡಕ್ಕೂ ಅವಿಸೆ. ತಮಿಳರಿಗೆ ಈ ತಕರಾರಿಲ್ಲ: ಕಾಳಿಗೆ ಆಳಿ ವಿದೈ, ಸೊಪ್ಪಿಗೆ ಅಗತ್ತಿ ಕೀರೈ.

ಹಳೆಯ ಪಠ್ಯದಲ್ಲಿ ಯಾವುದೆಂದು ತಿಳಿಯಬೇಕಾದರೆ ಬಣ್ಣ ನೋಡಿ. ಕೃಷ್ಣನ ಮೈಬಣ್ಣಕ್ಕೆ ಅತಸೀ ಹೂವಿನ ಹೋಲಿಕೆ ಸ್ತೋತ್ರಗಳಲ್ಲಿ ಬರುತ್ತದೆ. ಅದು ತಿಳಿನೀಲಿಯ ಹೂವು, ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿಸುವಂಥದು. ಮರದ ಹೂವು ಬಿಳಿ ಇಲ್ಲವೆ ಕೆಂಪು, ಕುಡುಗೋಲಿನಂತೆ ಬಾಗಿ ಬೆರಳುದ್ದ ಇರುತ್ತದೆ. ಅದನ್ನು ಕೃಷ್ಣನಿಗೆ ಹೋಲಿಸಲು ಯಾವ ಕವಿಯೂ ಒಪ್ಪಲಾರ.

ಹೊಲದಲ್ಲಿ ನೋಡಿದವರಿಗಂತೂ ಸಂಶಯವೇ ಬರುವುದಿಲ್ಲ. ಅಗಸಿ ಹಿಂಗಾರಿ ಬೆಳೆ. ಕರಿಮಣ್ಣಿನ ಹಸಿಯ ಮೇಲೆ ಜೋಳ, ಕಡಲೆ, ಕುಸುಬಿಯ ಜೊತೆ ಬರುತ್ತದೆ. ಮೊಳಕಾಲೆತ್ತರದ ಸಣ್ಣ ಗಿಡ, ಹುಲ್ಲೆಸಳಿನಂಥ ಎಲೆ, ಗುಂಡು ಕಾಯಿಯಲ್ಲಿ ಹೆಚ್ಚೆಂದರೆ 10 ಕಾಳು. ಕಾಳು ಚಪ್ಪಟೆ, ಕಂದು, ಕೈಯಲ್ಲಿ ಹಿಡಿದರೆ ಜಾರುವಷ್ಟು ನುಣುಪು. ಅಗಸೆ ಮರದ್ದು ಹುಣಸೆಯಂತೆ ಜೋಡಿ ಜೋಡಿ ಎಲೆ, ಮೊಳದುದ್ದದ ಕೋಡು.

ಊರ ಅಗಸಿಗೂ ಇವೆರಡಕ್ಕೂ ಸಂಬಂಧವಿಲ್ಲ. ಅದು ಕರಪತ್ರದಲ್ಲಿ ಬರುವ ಮಾತೂ ಅಲ್ಲ, ಬಿಡ್ರಿ.

ಇನ್ನು ಗುಣದ ಲೆಕ್ಕ. ಅಗಸಿ ಕಾಳಿನಲ್ಲಿ ನೂರಕ್ಕೆ ಸುಮಾರು 40 ಪಾಲು ಎಣ್ಣೆ. ಆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ. 10 ಗ್ರಾಂ, ಅಂದರೆ ಸುಮಾರು ಒಂದೂವರೆ ದೊಡ್ಡ ಚಮಚ ಪುಡಿಯಲ್ಲಿ, ಈ ಆಮ್ಲ 2 ಗ್ರಾಂಗೂ ಮಿಕ್ಕಿ, ನಾರು 3 ಗ್ರಾಂ ಹತ್ತಿರ, ಪ್ರೋಟೀನ್ 2 ಗ್ರಾಂಗೆ ಸ್ವಲ್ಪ ಕಡಿಮೆ. ಇದು ಸಸ್ಯದ ಒಮೆಗಾ-3. ಮೀನಿನಲ್ಲಿರುವ ರೂಪಕ್ಕೆ ನಮ್ಮ ದೇಹ ಇದರಲ್ಲಿ ಸ್ವಲ್ಪವನ್ನಷ್ಟೇ ಬದಲಿಸುತ್ತದೆ, ಆದ್ದರಿಂದ ‘ಮೀನಿಗೆ ಸಮ’ ಅಂತ ಬರೆಯಬೇಡಿ. ಅಗಸೆ ಮರದ ಸೊಪ್ಪಿನ ಬಲ ಸುಣ್ಣದಂಶ: 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 900 ಮಿಲಿಗ್ರಾಂ. ಹೂವು ಬೇಯಿಸುವಾಗ ಒಳಗಿನ ಕೇಸರದ ಎಳೆ ಕಿತ್ತು ತೆಗೆಯಬೇಕು, ಇಲ್ಲವಾದರೆ ಕಹಿ. ಅದನ್ನೂ ಕರಡಿನಲ್ಲಿ ಬಿಟ್ಟಿದ್ದಾರೆ.

ಹಿಂಡಿಯ ಬಗ್ಗೆ. ಮೂಲ ‘ಹಿಂಡು’ ಕ್ರಿಯಾಪದ. ಗಾಣದಲ್ಲಿ ಎಣ್ಣೆ ಹಿಂಡಿದ ಮೇಲೆ ಉಳಿದದ್ದು ಹಿಂಡಿ. ನಮ್ಮ ಕಡೆ ಅದಕ್ಕೂ ಹಿಂಡಿ, ಗಂಗಾಳದ ಬದಿಗೆ ಹಾಕುವ ಒಣ ಚಟ್ನಿಗೂ ಹಿಂಡಿ: ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಯಾರ ಮುಂದೆ ಇಡುತ್ತೀರಿ ಅನ್ನುವುದರ ಮೇಲೆ ಅರ್ಥ. ಆದರೆ ‘ಅಗಸಿ ಹಿಂಡಿ’ಯನ್ನು ಹೊರಗಿನವರು ತಪ್ಪು ತಿಳಿದರೆ ಬರೀ ನಗೆಪಾಟಲಿಗೆ ಮುಗಿಯುವುದಿಲ್ಲ. ಹಸಿ ಅಗಸಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಸ್ವಲ್ಪ ಇರುತ್ತದೆ, ಗಾಣದ ಹಿಂಡಿಯಲ್ಲೂ ಉಳಿಯುತ್ತದೆ. ಹುರಿದರೆ ಅದು ಕಡಿಮೆಯಾಗುತ್ತದೆ, ದಿನಕ್ಕೊಂದು ಚಮಚಕ್ಕೆ ಅಂಜಬೇಕಿಲ್ಲ. ಕರಪತ್ರದಲ್ಲಿ ‘ಹಿಂಡಿ (ಚಟ್ನಿ ಪುಡಿ)’ ಅಂತಲೇ ಹಾಕಿ.

ಮಾಡುವ ಕ್ರಮವನ್ನೂ ಸೇರಿಸಿದರೆ ಅರ್ಥ ಇನ್ನಷ್ಟು ಗಟ್ಟಿಯಾಗುತ್ತದೆ. ಅಗಸಿ 200 ಗ್ರಾಂ, ಬ್ಯಾಡಗಿ ಮೆಣಸಿನ ಖಾರ 2 ಚಮಚ, ಬೆಳ್ಳುಳ್ಳಿ 10-12 ಎಸಳು, ಜೀರಿಗೆ 1 ಚಮಚ, ಉಪ್ಪು ಒಂದೂವರೆ ಚಮಚ, ಅಡಿಕೆ ಗಾತ್ರದ ಹುಣಸೆಹಣ್ಣು. ಕಾಳನ್ನು ಆರಿಸಿಕೊಳ್ಳಬೇಕು, ತೊಳೆಯಬಾರದು. ನೀರು ತಾಗಿದ ಕೂಡಲೇ ಸಿಪ್ಪೆ ಲೋಳೆ ಬಿಡುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ 5-7 ನಿಮಿಷ ಕೈಯಾಡಿಸುತ್ತ ಹುರಿಯಿರಿ. ಚಟಪಟ ಸಿಡಿಯುತ್ತದೆ, ಸಿಡಿಯುವುದು ಕಡಿಮೆಯಾಗಿ, ಬೆರಳಲ್ಲಿ ಒತ್ತಿದರೆ ಕಾಳು ಗರಿಗರಿ ಮುರಿದರೆ ಹದ. ಉರಿ ಜೋರಾದರೆ ಹೊರಗೆ ಸೀದು ಕಹಿ, ಒಳಗೆ ಹಸಿ. ಹಸಿ ಉಳಿದ ಕಾಳು ಕುಟ್ಟಿದರೆ ಪುಡಿಯಾಗದೆ ಹಲ್ಲಿಗೆ ಅಂಟುತ್ತದೆ. ಪೂರಾ ಆರಿದ ಮೇಲೆ ಒಳ್ಳಿನಲ್ಲಿ ಕುಟ್ಟಬೇಕು. ಮಿಕ್ಸರ್ ಆದರೆ ತಡೆದು ತಡೆದು ತಿರುಗಿಸಿ. ಬಿಸಿ ಇರುವಾಗ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಬೆಳ್ಳುಳ್ಳಿ ಕೊನೆಗೆ, ಅದರ ಹಸಿಯಿಂದಲೇ ಹಿಂಡಿ ಬೇಗ ಕೆಡುವುದು.

ಇಡೀ ಕಾಳು ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಆದ್ದರಿಂದ ಕುಟ್ಟುವುದೇ ಮುಖ್ಯ. ಕುಟ್ಟಿದ್ದು ಗಾಳಿ ತಾಗಿ ಕಮಟು ಹಿಡಿಯುತ್ತದೆ, ಆದ್ದರಿಂದ ಎರಡು ವಾರಕ್ಕೆ ಸಾಕಾಗುವಷ್ಟೇ ಮಾಡಿ ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಇಡಬೇಕು. ಎಣ್ಣೆಬಣ್ಣದ ವಾಸನೆ ಬಂದರೆ ಚೆಲ್ಲಿ. ಅದು ಬರೀ ಹೋಲಿಕೆಯಲ್ಲ. ಅಗಸಿ ಎಣ್ಣೆಯನ್ನು ಬಣ್ಣ, ವಾರ್ನಿಶ್‌ಗೆ ಬಳಸುವುದೇ ಅದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆಂದು. ಬಣ್ಣದ ಅಂಗಡಿಯ ಅಗಸಿ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಹಾಕಿರುತ್ತಾರೆ, ತಿನ್ನುವುದಕ್ಕಲ್ಲ.

ಸೇರ್ಪಡೆ (ಬೆಳಗಾವಿಯಿಂದ)

ಮೇಲಿನ ಸರ್ ಹೇಳಿದ್ದಕ್ಕೆ ಗಡಿಭಾಗದ ಎರಡು ಮಾತು. ಬೆಳಗಾವಿ ಪೇಟೆಯಲ್ಲಿ ಮರಾಠಿಯ ‘ಜವಸ’ ಅಂದರೂ ಇದೇ ಕಾಳು ಕೊಡುತ್ತಾರೆ. ಜವೆಗೋದಿ ಬೇರೆ, ಅದು ಬಾರ್ಲಿ. ಚೀಟಿಯಲ್ಲಿ ‘ಜವ’ ಅಂತ ಅರ್ಧ ಬರೆದು ಕಳಿಸಿದರೆ ಬಾರ್ಲಿ ಬರುತ್ತದೆ. ಅಗಸೆ ಮರಕ್ಕೆ ಮರಾಠಿಯಲ್ಲಿ ಹಾದಗಾ. ಮರಾಠಿ ಬಲ್ಲ ಓದುಗರಿಗೆ ಈ ಎರಡು ಹೆಸರು ಬರೆದರೆ ಸಾಕು, ಗೊಂದಲವೇ ಇಲ್ಲ.

ಇನ್ನೊಂದು: ‘ದಿನಾ ಎರಡು ಚಮಚ’ ಅನ್ನುವುದೂ ಅರ್ಧ ಮಾತು. ಯಾವ ಚಮಚ? ಚಹಾದ ಚಮಚವೋ, ಊಟದ್ದೋ? 10 ಗ್ರಾಂ ಅಂತ ತೂಕ ಬರೆಯಿರಿ. ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು ಅನ್ನುವುದನ್ನು ಬಿಡಬೇಡಿ. ನಾರು ನೀರು ಹೀರಿ ಉಬ್ಬುತ್ತದೆ. ನೀರು ಸಾಲದಿದ್ದರೆ ಮಲಬದ್ಧತೆ ಹೋಗುವ ಬದಲು ಹೆಚ್ಚಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಶುರು ಮಾಡಲಿ. ಬೇರೆ ಗುಳಿಗೆ ನುಂಗುವ ಹೊತ್ತಿಗೂ ಇದಕ್ಕೂ ಒಂದೆರಡು ತಾಸು ಅಂತರವಿರಲಿ, ಲೋಳೆ ಔಷಧ ಹೀರುವುದನ್ನು ತಡ ಮಾಡುತ್ತದೆ.

ಸಾಲನ್ನು ಹೀಗೆ ತಿದ್ದಬಹುದು: ‘ಅಗಸಿ ಕಾಳಿನಲ್ಲಿ (ಜವಸ) ಸಸ್ಯಮೂಲದ ಒಮೆಗಾ-3 ಹೇರಳ. ಹುರಿದು ಕುಟ್ಟಿದ ಹಿಂಡಿಯನ್ನು (ಚಟ್ನಿ ಪುಡಿ) ದಿನಕ್ಕೆ 10 ಗ್ರಾಂನಷ್ಟು ರೊಟ್ಟಿ, ಮೊಸರಿನ ಜೊತೆ ತಿನ್ನಿ, ನೀರು ಸಾಕಷ್ಟು ಕುಡಿಯಿರಿ.’ ಅಗಸೆ ಮರದ (ಹಾದಗಾ) ಸೊಪ್ಪು, ಹೂವಿನ ಮಾತು ಸೊಪ್ಪುಗಳ ಪುಟಕ್ಕೆ ಹೋಗಲಿ, ಪುಂಡಿ ಪಲ್ಯ, ರಾಜಗಿರಿಯ ಪಕ್ಕಕ್ಕೆ.