ಸಹಾಯ ಬೇಕು: ಸಿಲಿಂಡರಿನ ಘನಫಲವನ್ನು ಚಟುವಟಿಕೆಯಿಂದ ಕಲಿಸುವ ಬಗ್ಗೆ

ಗಣಿತ ಶಿಕ್ಷಕ ಬಂಧುಗಳಿಗೆ ನಮಸ್ಕಾರ. ಎಂಟನೇ ತರಗತಿಯಲ್ಲಿ ಸಿಲಿಂಡರಿನ ಘನಫಲವನ್ನು ಸೂತ್ರದಿಂದ ಆರಂಭಿಸದೆ, 21 ಸೆಂ.ಮೀ. ಅಗಲ ಮತ್ತು 29.7 ಸೆಂ.ಮೀ. ಉದ್ದದ ಎರಡು ಎ4 ಹಾಳೆಗಳಲ್ಲಿ ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಸುತ್ತಿಸಿ, ಮಕ್ಕಳಿಂದಲೇ ರಾಗಿ ತುಂಬಿಸಿ ಅಳೆಯಿಸುತ್ತಿದ್ದೇನೆ. ಹಾಳೆಯ ಅಳತೆ ಒಂದೇ ಆದ್ದರಿಂದ ಎರಡೂ ಸಮನಾಗಿ ಹಿಡಿಯುತ್ತವೆ ಎಂದೇ ಹೆಚ್ಚಿನವರು ಊಹಿಸುತ್ತಾರೆ; ಆದರೆ ಲೆಕ್ಕದ ಪ್ರಕಾರ ಗಿಡ್ಡ ಕೊಳವೆಯ ಘನಫಲ ಸುಮಾರು 1,474 ಘನ ಸೆಂ.ಮೀ., ಎತ್ತರದ್ದು ಸುಮಾರು 1,042 ಮಾತ್ರ. (ಅಂಚುಗಳನ್ನು ಒಂದರ ಮೇಲೊಂದು ಅಂಟಿಸುವುದರಿಂದ ನಿಜವಾದ ಅಳತೆ ತುಸು ಕಡಿಮೆ ಬರುತ್ತದೆ, ನನ್ನ ಮಟ್ಟಿಗೆ ಅದೂ ಒಳ್ಳೆಯ ಪಾಠವೇ.)

ಇಲ್ಲಿಯವರೆಗೆ ಉತ್ಸಾಹದಿಂದ ಬರುವ ಮಕ್ಕಳು, ಸೂತ್ರದಲ್ಲಿ ತ್ರಿಜ್ಯಕ್ಕೆ ವರ್ಗವಿದ್ದು ಎತ್ತರಕ್ಕೆ ಏಕಿಲ್ಲ ಎಂಬಲ್ಲಿ ನಿಂತುಬಿಡುತ್ತಾರೆ. ಈ ಹಂತವನ್ನು ಕೈಯಿಂದ ಮಾಡಿ ತೋರಿಸಬಲ್ಲ, ಖರ್ಚಿಲ್ಲದ ಚಟುವಟಿಕೆ ತಮಗೆ ತಿಳಿದಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.