ತುರ್ತು: ಎರಡು ಇಂಟರ್ನೆಟ್ ಲೈನುಗಳನ್ನು ಒಂದಾಗಿಸುವುದಕ್ಕೆ ಏನೆನ್ನೋಣ?

ಅನುವಾದಕಿ, ಧಾರವಾಡ
ಎಲ್ಲರಿಗೂ ನಮಸ್ಕಾರ. ರೂಟರ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು. ಒಂದೇ ಕಂಪನಿಯಿಂದ ಎರಡು ಲೈನ್ ಪಡೆದವರಿಗೆ ಅದರಲ್ಲಿ ಎರಡು ಆಯ್ಕೆಗಳಿವೆ: ಲೋಡ್ ಬ್ಯಾಲೆನ್ಸಿಂಗ್ ಮತ್ತು ಬಾಂಡಿಂಗ್. ನಾನು ಎರಡಕ್ಕೂ ‘ಜೋಡಿ ಸಂಪರ್ಕ’ ಎಂದು ಬರೆದಿದ್ದೆ. ಪರಿಶೀಲಕರು ಕೆಂಪು ಗೀಟು ಎಳೆದು ಹಿಂದಿರುಗಿಸಿದ್ದಾರೆ. ಗುಂಡಿಯ ಮೇಲೆ ಹಿಡಿಸುವಷ್ಟು ಚಿಕ್ಕ ಪದಗಳು ಬೇಕು.

ನಿವೃತ್ತ ಅಧ್ಯಾಪಕ, ಮೈಸೂರು
‘ಭಾರ ಸಮತೋಲನ’, ‘ಸಂಪರ್ಕಬಂಧ’. ಇಂಗ್ಲಿಷಿನ ಬಾಂಡ್, ಸಂಸ್ಕೃತದ ಬಂಧ ಎರಡೂ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಮಕ್ಕಳು. ಹೊಸದಾಗಿ ಹುಡುಕುವುದೇನಿದೆ?

ಓದುಗ, ಶಿವಮೊಗ್ಗ
ಮೇಷ್ಟ್ರೇ, ನಿಮ್ಮ ಮಹಾಪ್ರಾಣವನ್ನು ಬೀದಿಯಲ್ಲಿ ಯಾರು ಉಚ್ಚರಿಸುತ್ತಾರೆ? ‘ಸಂಪರ್ಕ ಬಂದ್’ ಎಂದೇ ಓದಿಕೊಂಡು ಜನ ಆ ಗುಂಡಿಯ ತಂಟೆಗೇ ಹೋಗುವುದಿಲ್ಲ. ‘ಹೊರೆಹಂಚಿಕೆ’, ‘ಎಳೆಹುರಿ’ ಎನ್ನಿ. ಅಚ್ಚಗನ್ನಡ, ಚಿಕ್ಕವು.

ನಿವೃತ್ತ ಅಧ್ಯಾಪಕ, ಮೈಸೂರು
ಹುರಿ? ರೂಟರಿನಲ್ಲಿ ಕಡಲೆ ಹುರಿಯುತ್ತೀರೋ?

ಜಾಲ ತಂತ್ರಜ್ಞ, ಬೆಂಗಳೂರು
ಪದಕ್ಕಿಂತ ಮೊದಲು ವಸ್ತು ನೋಡಿ. ತಲಾ 100 ಎಂಬಿಪಿಎಸ್‌ನ ಎರಡು ಲೈನ್ ಇವೆ ಎನ್ನಿ. ಮೊದಲ ಆಯ್ಕೆಯಲ್ಲಿ ಪ್ರತಿಯೊಂದು ಸಂಪರ್ಕವೂ ಯಾವುದೋ ಒಂದು ಲೈನ್ ಹಿಡಿದು ಕೊನೆಯವರೆಗೆ ಅದರಲ್ಲೇ ಸಾಗುತ್ತದೆ. ಹತ್ತು ಜನ ಬಳಸಿದರೆ ಎರಡೂ ಲೈನುಗಳು ದುಡಿಯುತ್ತವೆ; ಒಬ್ಬನೇ ಒಂದು ದೊಡ್ಡ ಕಡತ ಇಳಿಸಿಕೊಂಡರೆ ವೇಗ 100 ದಾಟುವುದಿಲ್ಲ. ಬಾಂಡಿಂಗ್ ಬೇರೆ. ಒಂದೇ ಕಡತದ ಪ್ಯಾಕೆಟ್‌ಗಳಿಗೆ, ಅಂದರೆ ಸಣ್ಣ ತುಣುಕುಗಳಿಗೆ, ಕ್ರಮಸಂಖ್ಯೆ ಹಾಕಿ ಎರಡೂ ಲೈನುಗಳಿಗೆ ಹಂಚಿ, ಇನ್ನೊಂದು ತುದಿಯಲ್ಲಿ ಮತ್ತೆ ಸಾಲುಗೂಡಿಸಬೇಕು. ಆ ತುದಿ ಇರುವುದು ಕಂಪನಿಯ ಬಳಿ. ಅವರು ಒಪ್ಪದಿದ್ದರೆ ಗುಂಡಿ ಒತ್ತಿ ಪ್ರಯೋಜನವಿಲ್ಲ. ಇದು ಹೊಸದಲ್ಲ. ಫೋನ್ ತಂತಿಯಲ್ಲೇ ಡಿಜಿಟಲ್ ಸಂಪರ್ಕ ಕೊಡುತ್ತಿದ್ದ ಐಎಸ್‌ಡಿಎನ್ ಕಾಲದಲ್ಲಿ 64 ಕಿಲೋಬಿಟ್‌ನ ಎರಡು ಚಾನೆಲ್‌ಗಳನ್ನು ಸೇರಿಸಿ 128 ಮಾಡುತ್ತಿದ್ದರು. ಮಲ್ಟಿಲಿಂಕ್ ಪಿಪಿಪಿ ಎಂಬ ಆ ವಿಧಾನವನ್ನು ವಿವರಿಸುವ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 1990 (ಅದು ಸಂಖ್ಯೆ, ವರ್ಷವಲ್ಲ) ಬಂದದ್ದು 1996ರಲ್ಲಿ.

ಓದುಗ, ಶಿವಮೊಗ್ಗ
ಕಡಲೆಯ ವಿಷಯ ಬಂದದ್ದು ಒಳ್ಳೆಯದಾಯಿತು. ಹುರಿ ಎಂಬವು ಎರಡು ಬೇರೆ ಬೇರೆ ಪದಗಳು. ತಮಿಳಿನಲ್ಲಿ ಇಂದಿಗೂ ‘ಪುರಿ’ ಎಂದರೆ ಎಳೆ, ‘ಪೊರಿ’ ಎಂದರೆ ಹುರಿಯುವುದು. ಮುಂದೆ ಇಕಾರವಿದ್ದರೆ ಕನ್ನಡದಲ್ಲಿ ಒಕಾರ ಉಕಾರವಾಗುತ್ತದೆ. ಅಲ್ಲಿಯ ಪೊಡಿ ಇಲ್ಲಿ ಪುಡಿ. ಹಾಗಾಗಿ ಎರಡೂ ‘ಪುರಿ’ಯಾದವು, ಆಮೇಲೆ ಪಕಾರ ಹಕಾರವಾಗಿ ಎರಡೂ ‘ಹುರಿ’ಯಾದವು. ಮೈಸೂರಿನವರ ಕಡಲೆಪುರಿಯಲ್ಲಿ ಮಾತ್ರ ಹಳೆಯ ಪಕಾರ ಗರಿಗರಿಯಾಗಿ ಉಳಿದಿದೆ.

ಹೊಸ ಸದಸ್ಯ, ಮಂಗಳೂರು
‘ಎಳೆಸಂಯೋಗ’ ಆಗಬಹುದೇ?

ನಿವೃತ್ತ ಅಧ್ಯಾಪಕ, ಮೈಸೂರು
ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ಅರಿಸಮಾಸ. ಬೇಡ.

ಓದುಗ, ಶಿವಮೊಗ್ಗ
ಹಾಗಾದರೆ ‘ಮಳೆಗಾಲ’ವನ್ನೂ ನಿಲ್ಲಿಸಿಬಿಡಿ. ಬಿರುದಾವಳಿಗೆ ಹಳೆಯ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಆದರೂ ‘ಎಳೆಸಂಯೋಗ’ ನನಗೂ ಬೇಡ. ಕಾರಣ ಬೇರೆ, ಅದು ಕಿವಿಗೆ ಹಿತವಾಗಿಲ್ಲ.

ಪತ್ರಕರ್ತ, ಕಲಬುರಗಿ
‘ಬಾಂಡಿಂಗ್’ ಎಂದೇ ಬಿಡಿ. ಅರ್ಜಿ, ಕಚೇರಿ, ರಸ್ತೆ, ಜಮೀನು ಯಾವುದೂ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಅವು ಬಂದಾಗ ಯಾರೂ ಬಾಗಿಲಲ್ಲಿ ನಿಂತು ಕುಲಗೋತ್ರ ಕೇಳಲಿಲ್ಲ.

ನಿವೃತ್ತ ಅಧ್ಯಾಪಕ, ಮೈಸೂರು
ಅವು ಆಳುವವರ ಜೊತೆ ಬಂದವು. ಕೇಳುವ ಧೈರ್ಯ ಯಾರಿಗಿತ್ತು?

ಪತ್ರಕರ್ತ, ಕಲಬುರಗಿ
ಸಂಸ್ಕೃತ ಯಾರ ಜೊತೆ ಬಂತು, ಗುರುಗಳೇ?

ಓದುಗ, ಶಿವಮೊಗ್ಗ
ಇಬ್ಬರೂ ಬಾಗಿಲು ತೆರೆದೇ ಇಟ್ಟಿದ್ದೀರಿ. ಜಗಳ ಯಾವ ಬಾಗಿಲು ಎಂಬುದಷ್ಟೇ.

ಗ್ರಂಥಪಾಲಕಿ, ಹಾವೇರಿ
ಹಿರಿಯರು ಕ್ಷಮಿಸಬೇಕು, ಅಕ್ಕನವರಿಗೆ ಪದ ನಾಳೆ ಬೇಕು. ‘ಬಾಂಡ್’ ಎಂದರೆ ನಮ್ಮ ಕಡೆ ಛಾಪಾ ಕಾಗದ. ಬಾಂಡ್ ಮಾಡಿ ಎಂದರೆ ಜನ ಪತ್ರ ಬರೆಯುವವರನ್ನು ಹುಡುಕಿಕೊಂಡು ಹೋಗುತ್ತಾರೆ. ನನ್ನ ಒಲವು ಹುರಿಯ ಕಡೆಗೆ. ಮನೆಯಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುವಾಗ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದಾಗಿತ್ತು. ನಾನು ಕೈಬಿಟ್ಟರೆ ಹುರಿಯೆಲ್ಲ ಬಿಚ್ಚಿ ಮತ್ತೆ ಬಿಡಿ ಎಳೆಗಳೇ ಉಳಿಯುತ್ತಿದ್ದವು. ಬೆಂಗಳೂರಿನವರು ಕಂಪನಿಯ ತುದಿಯ ಬಗ್ಗೆ ಬರೆದದ್ದನ್ನು ಓದಿದಾಗ ಅದೇ ನೆನಪಾಯಿತು. ‘ಬಂಧ’ದಲ್ಲಿ ಆ ಇನ್ನೊಂದು ಕೈ ಇಲ್ಲ.

ಜಾಲ ತಂತ್ರಜ್ಞ, ಬೆಂಗಳೂರು
ಇದನ್ನು ಒಪ್ಪುತ್ತೇನೆ. ಗ್ರಾಹಕರಿಗೆ ಇಷ್ಟು ಸಲೀಸಾಗಿ ವಿವರಿಸಲು ನನಗೆ ಎಂದೂ ಆಗಿರಲಿಲ್ಲ.

ಅನುವಾದಕಿ, ಧಾರವಾಡ
ಎಲ್ಲರಿಗೂ ಧನ್ಯವಾದ. ‘ಹೊರೆಹಂಚಿಕೆ’, ‘ಎಳೆಹುರಿ’ ಎಂದು ಪುಟಗಳನ್ನು ಕಳುಹಿಸಿದ್ದೇನೆ. ಎರಡೂ ಗುಂಡಿಯಲ್ಲಿ ಹಿಡಿಸಿದವು. ‘ಎಳೆಹುರಿ’ಯ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: “ಇನ್ನೊಂದು ತುದಿಯನ್ನು ಕಂಪನಿ ಹಿಡಿದಿದೆಯೇ ಎಂದು ಮೊದಲು ಕೇಳಿ.”

ನಿವೃತ್ತ ಅಧ್ಯಾಪಕ, ಮೈಸೂರು
ಎರಡನೆಯ ಮುದ್ರಣದಲ್ಲಿ ತಿದ್ದಿ.